ರೊಟ್ಟಿ ಕೊಡಲು ಬಂದವಳು

ಆ ದಿನ ನಾನು ಜಿನ್ನಿನಲ್ಲಿ ದುಡಿಯುತ್ತಿದ್ದೆ. ಈ ಒಂದು ಮಾತನ್ನು ಕೋರ್ಟಿನ ಕಾಗದದ ಮೇಲೆ ಬರೆಸಲು ನನಗೆ ಎರಡು ಸುಗ್ಗಿ ಹಿಡಿಯಿತು. ಕೈ ಹೋದದ್ದು ಒಂದೇ ಗಳಿಗೆಯಲ್ಲಿ. ಅದು ಎಲ್ಲಿ ಹೋಯಿತು ಎಂದು ಸಾಬೀತು ಮಾಡುವುದಕ್ಕೇ ಇಷ್ಟು ಕಾಲ ಬೇಕಾಯಿತು.

ಜಿನ್ನು ಎಂದರೆ ನಮ್ಮ ಕಡೆ ಹತ್ತಿಯಿಂದ ಕಾಳು ಬೇರೆ ಮಾಡುವ ಮಿಲ್ಲು. ನರಗುಂದದ ದಾರಿಯಲ್ಲಿ ಅಂಥದ್ದೊಂದಿದೆ. ಹೆಸರು ಹೇಳುವುದಿಲ್ಲ, ಹೇಳಿದರೆ ಅದಕ್ಕೂ ಒಂದು ನೋಟೀಸು ಬಂದೀತು. ನಾನು ಆ ಮಿಲ್ಲಿನ ಕಾಯಂ ಆಳಲ್ಲ. ಆಳು ನನ್ನ ಗೆಳತಿ. ನಮ್ಮದು ಬೆಳವಣಕಿ, ಇಬ್ಬರ ಮನೆಗೂ ಒಂದೇ ಗೋಡೆ. ನನಗಿಂತ ನಾಲ್ಕು ವರ್ಷ ದೊಡ್ಡವಳು, ನಾನು ಅಕ್ಕಾ ಎನ್ನುತ್ತಿದ್ದೆ.

ನಮ್ಮೂರ ಹೆಂಗಸರು ಕೂಲಿಗೂ ಹೋಗುತ್ತಾರೆ, ಮುಯ್ಯಿಗೂ ಹೋಗುತ್ತಾರೆ. ಕೂಲಿಯೆಂದರೆ ಸಂಜೆಗೆ ದುಡ್ಡು. ಮುಯ್ಯಿಯಲ್ಲಿ ದುಡ್ಡಿನ ಮಾತೇ ಇಲ್ಲ. ಇವತ್ತು ನಾನು ನಿನ್ನ ಹೊಲದಲ್ಲಿ ಒಂದು ದಿನ ಬಗ್ಗಿದರೆ, ನನಗೆ ಬೇಕಾದಾಗ ನೀನು ನನ್ನ ಹೊಲದಲ್ಲಿ ಒಂದು ದಿನ ಬಗ್ಗಬೇಕು. ಮುಯ್ಯಿ ಉಳಿಸಿಕೊಂಡವಳೆಂದು ಹೆಸರಾದರೆ ಅವಳನ್ನು ಮರುವರ್ಷ ಯಾರೂ ಜೊತೆಗೆ ಕರೆಯುವುದಿಲ್ಲ. ತಾಯಿ ಸತ್ತ ಮೇಲೆ ಅವಳ ಮುಯ್ಯಿಯನ್ನು ಮಗಳು ಬಂದು ತೀರಿಸಿ ಹೋದದ್ದನ್ನು ನಾನೇ ನೋಡಿದ್ದೇನೆ.

ನಾವಿಬ್ಬರೂ ಈ ಹೊಲದ ಪದ್ಧತಿಯನ್ನು ಜಿನ್ನಿನವರೆಗೂ ಒಯ್ದಿದ್ದೆವು. ಅವಳಿಗೆ ಮನೆಯಲ್ಲಿ ಏನಾದರೂ ಅಡಚಣೆ ಬಂದರೆ ಅವಳ ಬದಲಿಗೆ ನಾನು ಜಿನ್ನಿಗೆ ಹೋಗುತ್ತಿದ್ದೆ. ಅದಕ್ಕೆ ಬದಲು ಅವಳು ಅಸೂಟಿ ದಾರಿಯಲ್ಲಿರುವ ನಮ್ಮ ಹೊಲಕ್ಕೆ ಬರುತ್ತಿದ್ದಳು. ಮಿಲ್ಲಿನ ಗೇಟಿನಲ್ಲಿ ಆಳುಗಳ ಮೇಲ್ವಿಚಾರಕ ಮುಕಾದಮ ಹಾಜರಿ ಕರೆಯುವಾಗ ಅವಳ ಹೆಸರಿಗೆ ನಾನು ‘ಹೂಂ’ ಎಂದರೆ ಮುಗಿಯಿತು. ಅವನು ನನ್ನ ಮುಖ ನೋಡಿ ನಗುತ್ತಿದ್ದ. ದೂರದ ಸಂಬಂಧದಲ್ಲಿ ನನಗೆ ಕಾಕಾ ಆಗಬೇಕು. ಅವನಿಗೆ ಆಳಿನ ಲೆಕ್ಕ ಕೂಡಿದರೆ ಸಾಕಾಗಿತ್ತು. ಆ ದಿನದ ಪಗಾರ ಅವಳ ಕೈಗೆ ಹೋಗುತ್ತಿತ್ತು, ನನಗೆ ಅವಳ ಒಂದು ದಿನದ ದುಡಿಮೆ. ಇದರಲ್ಲಿ ಯಾರಿಗೂ ಏನೂ ತಪ್ಪು ಕಂಡಿರಲಿಲ್ಲ.

ಅಂದು ಗಜೇಂದ್ರಗಡದಿಂದ ಅವಳ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ನಸುಕಿನಲ್ಲೇ ನಮ್ಮ ಬಾಗಿಲಿಗೆ ಬಂದು, ಇವತ್ತೊಂದು ದಿನ ನೀನು ಹೋಗು, ನಿಮ್ಮ ಕಡಲೆ ಕೀಳುವಾಗ ನಾನು ಬರುತ್ತೇನೆ ಎಂದಳು. ನಾನು ಬುತ್ತಿ ಕಟ್ಟಿಕೊಂಡು ಹೊರಟೆ.

ಆಗ ಬರುತ್ತಿದ್ದ ಹತ್ತಿಯಲ್ಲಿ ಹಸಿ ಇತ್ತು. ಹಸಿ ಹತ್ತಿ ಉರುಳೆಗೆ ಸಿಕ್ಕಿಕೊಂಡು ಮುಂದೆ ಸರಿಯುವುದಿಲ್ಲ, ಮೇಲಿನಿಂದ ದಬ್ಬಬೇಕು. ದಬ್ಬಲು ಒಂದು ಕೋಲಿರಬೇಕು, ಉರುಳೆಯ ಮುಂದೆ ಒಂದು ಜಾಲರಿ ಇರಬೇಕು. ಕೋಲು ಮುರಿದು ಹೋಗಿತ್ತು. ಜಾಲರಿ ಇದ್ದರೆ ಕೆಲಸ ಓಡುವುದಿಲ್ಲವೆಂದು ಬಿಚ್ಚಿ ಗೋಡೆಗೆ ಆನಿಸಿದ್ದರು. ಮಧ್ಯಾಹ್ನದ ಊಟಕ್ಕೆ ಇನ್ನೂ ಬಿಟ್ಟಿರಲಿಲ್ಲ. ಯಂತ್ರ ಗಂಟಲು ಕಟ್ಟಿದ ಹಾಗೆ ಸದ್ದು ಮಾಡಿತು. ಕೈಯಿಂದಲೇ ದಬ್ಬು ಎಂದು ಮುಕಾದಮ ಆಚೆಯಿಂದ ಕೂಗಿದ. ದಬ್ಬಿದೆ. ಮೊದಲು ನೋವಾಗಲಿಲ್ಲ, ಮುಂದೆ ಬೀಳುತ್ತಿದ್ದ ಬಿಳಿ ಅರಳೆ ಕೆಂಪಾದದ್ದು ಕಂಡಿತು. ಬಲಗೈಯ ನಡುವಿನ ಮೂರು ಬೆರಳು ಹೋದವು. ಹೆಬ್ಬೆರಳು, ಕಿರುಬೆರಳು ಉಳಿದವು.

ಮುಕಾದಮನೇ ನನ್ನನ್ನು ಗಾಡಿಯಲ್ಲಿ ಹಾಕಿಕೊಂಡು ದವಾಖಾನೆಗೆ ಒಯ್ದ. ಅಳುತ್ತಲೂ ಇದ್ದ, ಆ ಅಳು ಸುಳ್ಳೆಂದು ನಾನು ಇಂದಿಗೂ ಹೇಳಲಾರೆ. ಆದರೆ ಡಾಕ್ಟರು ಹೇಗಾಯಿತು ಎಂದು ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ ಅವನು, “ಮನ್ಯಾಗ ಮೇವು ಕತ್ತರಸೂ ಮಷಿನ್‌ದಾಗ ಸಿಕ್ಕೈತ್ರಿ” ಎಂದ. ನಾನು ಅವನ ಮುಖ ನೋಡಿದೆ. ಮಿಲ್ಲೆಂದರೆ ಪೊಲೀಸರು ಬರುತ್ತಾರೆ, ಔಷಧ ತಡವಾಗುತ್ತದೆ, ಸಾಹುಕಾರರು ಎಲ್ಲ ನೋಡಿಕೊಳ್ಳುತ್ತಾರೆ ಎಂದು ಕಿವಿಯಲ್ಲಿ ಹೇಳಿದ. ಸುಮ್ಮನಾದೆ. ಕೈ ಉರಿಯುವಾಗ ಯಾರಿಗೆ ನ್ಯಾಯ ಬೇಕಾಗಿರುತ್ತದೆ? ಸೂಜಿ ಚುಚ್ಚಿದರೆ ಸಾಕಾಗಿರುತ್ತದೆ.

ಸಾಹುಕಾರರು ಹುಬ್ಬಳ್ಳಿಯ ಆಪರೇಶನ್ನಿನ ಖರ್ಚು ನೋಡಿಕೊಂಡರು, ನಿಜ. ಹೊಲಿಗೆ ಬಿಚ್ಚಿದ ಮೇಲೆ ಫೋನು ಎತ್ತುವುದನ್ನು ಬಿಟ್ಟರು.

ಗೆಳತಿ ಮೊದಮೊದಲು ದಿನಾ ಬಂದು ತನ್ನ ಕೈಯಾರೆ ನನಗೆ ಉಣಿಸುತ್ತಿದ್ದಳು. ಆಮೇಲೆ ಬರುವುದು ಕಡಿಮೆಯಾಯಿತು. ಮಗಳ ಮದುವೆ ಗೊತ್ತಾಗಿತ್ತು, ಓಡಾಟ ಇರುತ್ತದೆ ಎಂದುಕೊಂಡೆ. ಕಡಲೆ ಕೀಳುವ ಹೊತ್ತು ಬಂತು. ಒಣಗಿದ ಗಿಡ ಬಿಸಿಲೇರಿದರೆ ಕಾಯಿ ಉದುರಿಸುತ್ತದೆ, ಇಬ್ಬನಿ ಆರುವ ಮೊದಲೇ ಕೀಳಬೇಕು. ನಾನು ಕರೆದಿರಲಿಲ್ಲ. ಕತ್ತಲು ಹರಿಯುವ ಮುನ್ನ ಹೊಲಕ್ಕೆ ಹೋದರೆ ಅವಳು ಆಗಲೇ ಒಂದು ಸಾಲು ಮುಗಿಸಿದ್ದಳು. ಇಡೀ ದಿನ ತಲೆ ಎತ್ತಲಿಲ್ಲ. ಕಡಲೆಯ ಹುಳಿಗೆ ಅಂಗೈ ಕೆಂಪಾಗಿತ್ತು, ನೀರು ಕುಡಿಯಲೂ ಬದುವಿಗೆ ಬರಲಿಲ್ಲ. ತನ್ನ ಬದಲಿಗೆ ಹೋಗಿ ನನಗೆ ಹೀಗಾಯಿತೆಂದು ಇವಳಿಗೆ ಎಷ್ಟು ಸಂಕಟ ಎಂದು ನಾನು ಮರದ ಕೆಳಗೆ ಕೂತು ಕಣ್ಣು ಒರೆಸಿಕೊಂಡೆ. ಎಂಥ ಹುಚ್ಚಿ ನಾನು.

ಕೆಲಸ ಮಾಡುವಾಗ ಅಂಗ ಹೋದರೆ ಪರಿಹಾರ ಕೇಳಲು ಕಾಯಿದೆ ಇದೆ ಎಂದು ನನಗೆ ಹೇಳಿದ್ದು ಡ್ರೆಸಿಂಗ್ ಮಾಡುತ್ತಿದ್ದ ನರ್ಸಮ್ಮ. ರೋಣದಲ್ಲಿ ಕಾರ್ಮಿಕ ಇಲಾಖೆಯ ಬಾಗಿಲಿಗೆ ಹೋದೆ. ಅಲ್ಲಿಯ ಸಾಹೇಬರು ಸಮಾಧಾನದಿಂದ ಕೇಳಿ, ಇದು ಈಗ ನಮ್ಮ ಕಡೆ ಬರುವುದಿಲ್ಲ, ಕೋರ್ಟಿನಲ್ಲೇ ಅರ್ಜಿ ಹಾಕಬೇಕು ಎಂದರು. ಮಿಲ್ಲು ನರಗುಂದದ ಕಡೆಗಿದ್ದರೂ ನಾನು ವಾಸವಿರುವ ತಾಲೂಕಿನ ಕೋರ್ಟಿಗೇ ಹಾಕಬಹುದಂತೆ. ಕೋರ್ಟಿನ ಎದುರಿನ ಸಾಲಿನಲ್ಲಿ ಒಬ್ಬ ಮುಸಲ್ಮಾನ ವಕೀಲರು ಸಿಕ್ಕರು. ವಯಸ್ಸಾದವರು, ಮನೆಯಲ್ಲಿ ಈಗಲೂ ಒಕ್ಕಲುತನ ಇದೆ. ಅವರು ಮೊದಲು ಮಾಲೀಕನಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ನೋಟೀಸು ಕಳಿಸಿದರು: ಇಂಥ ದಿನ, ನಿಮ್ಮ ಮಿಲ್ಲಿನಲ್ಲಿ, ನಿಮ್ಮ ಕೆಲಸ ಮಾಡುವಾಗ ಅಪಘಾತ, ಪರಿಹಾರ ಕೊಡಿ.

ಉತ್ತರ ಬಂದಾಗ ವಕೀಲರು ಚಹಾ ತರಿಸಿ ಆಮೇಲೆ ಓದಿದರು. ಈ ಹೆಂಗಸು ನಮ್ಮ ಕೆಲಸದವಳಲ್ಲ. ಹಾಜರಿಯಲ್ಲಿ ಇವಳ ಹೆಸರಿಲ್ಲ. ಪಗಾರ ಕೊಟ್ಟದ್ದಿಲ್ಲ. ಅಂದು ತನ್ನ ನೆರೆಮನೆಯ ಕೆಲಸಗಾರ್ತಿಗೆ ರೊಟ್ಟಿ ಕೊಡಲು ಬಂದು, ಬೇಡವೆಂದರೂ ಒಳಗೆ ನುಗ್ಗಿ ಯಂತ್ರದ ಹತ್ತಿರ ಹೋಗಿದ್ದಾಳೆ. ಇದನ್ನು ಆ ಕೆಲಸಗಾರ್ತಿಯೇ ವಿಮಾ ಕಂಪನಿಯವರ ಮುಂದೆ ಹೇಳಿ ಸಹಿ ಮಾಡಿದ್ದಾಳೆ.

ಹೇಳಿಕೆಯ ಪ್ರತಿಯನ್ನೂ ಲಗತ್ತಿಸಿದ್ದರು. ಅವಳ ಸಹಿ ನನಗೆ ಗೊತ್ತು. ಮಹಿಳಾ ಸಂಘಕ್ಕೆ ಸೇರುವಾಗ ನಾನೇ ಅವಳಿಗೆ ಸಹಿ ಕಲಿಸಿದ್ದೆ. ಹೇಳಿಕೆ ಕೊಟ್ಟದ್ದು ನನ್ನ ಹೊಲಿಗೆ ಬಿಚ್ಚಿದ ವಾರ. ಅಂದರೆ ಅವಳು ನಮ್ಮ ಹೊಲದಲ್ಲಿ ಕಡಲೆ ಕಿತ್ತದ್ದು ಅದಾದ ಮೇಲೆ. ಸುಳ್ಳು ಹೇಳಿ ಸಹಿ ಮಾಡಿ, ಅದೇ ಕೈಯಿಂದ ಬಂದು ನನ್ನ ಕಡಲೆ ಕಿತ್ತಿದ್ದಳು. ನನಗೆ ಮೂರು ಬೆರಳು ಹೋದಾಗ ಇಷ್ಟು ಸಿಟ್ಟು ಬಂದಿರಲಿಲ್ಲ. ಯಂತ್ರಕ್ಕೇನು ಗೊತ್ತು ನಾನು ಯಾರೆಂದು.

ಆಮೇಲೆ ತಿಳಿಯಿತು, ಅವಳ ಗಂಡನಿಗೆ ಮಿಲ್ಲಿನ ಕಾವಲುಗಾರನ ಕೆಲಸ ಸಿಕ್ಕಿತ್ತು.

ಸರಿ, ಆ ದಿನ ಅವಳು ಮನೆಯಲ್ಲಿದ್ದುದಕ್ಕೆ ಗಂಡಿನ ಕಡೆಯವರೇ ಸಾಕ್ಷಿಯಲ್ಲವೇ ಎಂದು ನೀವು ಕೇಳಬಹುದು. ನಾನೂ ಗಜೇಂದ್ರಗಡದವರೆಗೆ ಹೋಗಿ ಕೇಳಿದೆ. ಅವರು ಈಗ ಅವಳ ಬೀಗರು. ನೀರು ಕೊಟ್ಟರು, ಚುರಮರಿ ಕೊಟ್ಟರು, ಬಸ್ಸು ಎಷ್ಟು ಹೊತ್ತಿಗಿದೆ ಎಂದು ವಿಚಾರಿಸಿದರು. ಜಿನ್ನಿನ ಉಳಿದ ಹೆಂಗಸರು ನನ್ನನ್ನು ಕಂಡರೆ ಓಣಿ ಬದಲಿಸುತ್ತಿದ್ದರು. ಅವರಿಗೂ ಮುಂದಿನ ಹಂಗಾಮಿಗೆ ಕೆಲಸ ಬೇಕಲ್ಲ.

ಕೋರ್ಟಿಗೆ ಅರ್ಜಿ ಹಾಕುವ ಮೊದಲೇ ಮುಕಾದಮ ಊರಿನ ಇಬ್ಬರು ಹಿರಿಯರನ್ನು ಕರೆದುಕೊಂಡು ಮನೆಗೆ ಬಂದ. ಬೆಲ್ಲವನ್ನೂ ತಂದಿದ್ದ, ಒಪ್ಪಂದವಾದ ಮೇಲೆ ಹಂಚುವುದಕ್ಕೆ. ಸಾಹುಕಾರರು ಧರ್ಮಕ್ಕೆಂದು ಒಂದಿಷ್ಟು ಕೊಡುತ್ತಾರೆ, ನೀನು ಈ ಬಾಂಡ್ ಕಾಗದದ ಮೇಲೆ ತಕರಾರಿಲ್ಲ ಎಂದು ಬರೆದುಕೊಡು ಎಂದರು. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂದು ಒಬ್ಬ ಹಿರಿಯ ಗಾದೆ ಹೇಳಿದ. ನಮ್ಮ ಮನೆಯವರು ನನ್ನ ಮುಖ ನೋಡಿದರು. ಅವರಿಗೂ ಸಾಕಾಗಿತ್ತು. ನಾನು ಮೆಟ್ರಿಕ್ ಪಾಸಾದವಳು, ಅಲ್ಲಿಯವರೆಗೆ ಎಲ್ಲಿಯೂ ಸಹಿ ಬಿಟ್ಟು ಬೇರೆ ಗುರುತು ಹಾಕಿದವಳಲ್ಲ. ಸಹಿ ಮಾಡಲು ಬರುವುದಿಲ್ಲ, ಕೈಯಿಲ್ಲ ಎಂದೆ, ಮಾತು ತೇಲಿಸಲು.

ಮುಕಾದಮ ಶಾಯಿಯ ಡಬ್ಬಿ ತೆಗೆದ. “ಹೆಬ್ಬಟ್ಟ ಉಳದೈತಲ್ಲ ತಂಗಿ, ಅದನ್ನ ಒತ್ತು” ಎಂದ.

ವ್ಯಂಗ್ಯಕ್ಕೆ ಅಂದದ್ದಲ್ಲ ಅದು. ಅವನಿಗೆ ನಿಜವಾಗಿಯೂ ಅದೊಂದು ಅನುಕೂಲವಾಗಿ ಕಂಡಿತ್ತು. ನಾನು ಎದ್ದು ಬೆಲ್ಲದ ಪೊಟ್ಟಣವನ್ನು ಅವನ ಚೀಲದಲ್ಲಿ ಇಟ್ಟೆ. “ಕಾಕಾ, ದವಾಖಾನ್ಯಾಗ ನಿನ್ನ ಮಾತ ಕೇಳಿ ಸುಮ್ಮಕಾದ್ನಿ. ಇನ್ನ ಆಗೂದಿಲ್ಲ” ಎಂದೆ. ಮರುದಿನ ರೋಣದ ಬಸ್ಸು ಹತ್ತಿದೆ. ಆ ಬಾಂಡಿಗೆ ಹೆಬ್ಬೆಟ್ಟು ಒತ್ತಿದ್ದರೂ ಕಾಯಿದೆಯಲ್ಲಿ ನಿಲ್ಲುತ್ತಿರಲಿಲ್ಲ, ಇಂಥ ಹಕ್ಕನ್ನು ಹೊರಗಡೆ ಹೀಗೆ ಬಿಟ್ಟುಕೊಡಲು ಬರುವುದಿಲ್ಲ ಎಂದು ವಕೀಲರು ಆಮೇಲೆ ಹೇಳಿದರು. ನನಗೆ ಅದು ಮೊದಲೇ ಗೊತ್ತಿದ್ದರೆ ಬೆಲ್ಲವನ್ನಾದರೂ ಇಟ್ಟುಕೊಳ್ಳುತ್ತಿದ್ದೆ.

ಅರ್ಜಿ ದಾಖಲಾಯಿತು. ಎದುರಿಗೆ ಮಾಲೀಕನ ವಕೀಲ ಒಬ್ಬ, ವಿಮಾ ಕಂಪನಿಯ ವಕೀಲ ಇನ್ನೊಬ್ಬ. ತಾರೀಖಿನ ಮೇಲೆ ತಾರೀಖು. ಅಂಗವೈಕಲ್ಯದ ಸರ್ಟಿಫಿಕೇಟಿಗಾಗಿ ಡಾಕ್ಟರು ನನ್ನಿಂದ ಲೋಟ ಎತ್ತಿಸಿದರು, ಗುಂಡಿ ಹಾಕಿಸಿದರು, ಚಿಲಕ ತೆಗೆಸಿದರು. ಕೋರ್ಟು ನೋಡುವುದು ಎಷ್ಟು ಬೆರಳು ಹೋದವು ಎಂಬುದನ್ನಷ್ಟೇ ಅಲ್ಲವಂತೆ, ದುಡಿಯುವ ಶಕ್ತಿ ಎಷ್ಟು ಹೋಯಿತು ಎಂಬುದನ್ನೂ ನೋಡುತ್ತದಂತೆ. ಆದರೆ ಅದೆಲ್ಲ ಆಮೇಲಿನದು. ಮೊದಲು ನಾನು ಅಲ್ಲಿ ದುಡಿಯುತ್ತಿದ್ದೆ ಎಂದಾಗಬೇಕು.

ಸಂಬಂಧಿಕರು ಬಿಟ್ಟಿ ಬುದ್ಧಿ ಹೇಳಿದರು. ಪಗಾರ ಕೈಯಲ್ಲಿ ಕೊಡುತ್ತಿದ್ದರು ಎಂದುಬಿಡು, ಇಲ್ಲವೆಂದು ಯಾರು ಹೇಳುತ್ತಾರೆ ಎಂದು. ನಾನು ಆ ಮಾತನ್ನು ವಕೀಲರ ಮುಂದೆ ಇಟ್ಟೆ. ಅವರು ಕನ್ನಡಕ ತೆಗೆದು, “ಒಂದ ಸುಳ್ಳು ಸಿಕ್ಕಬಿದ್ರ ನಿನ್ನ ಖರೇದೂ ನಿಲ್ಲೂದಿಲ್ಲವಾ. ನೋಡು, ನಿಂದು ನಿರ್ಧಾರ” ಎಂದರು. ಬಸ್ಸಿನಲ್ಲಿ ಇಡೀ ದಾರಿ ಯೋಚಿಸಿದೆ. ಸುಳ್ಳಿನಿಂದಲೇ ನನ್ನನ್ನು ಮಿಲ್ಲಿನಿಂದ ಹೊರಗೆ ಹಾಕಿದ್ದರು. ನಾನೂ ಸುಳ್ಳು ಹೇಳಿಯೇ ಒಳಗೆ ಹೋದರೆ, ಕೊನೆಗೆ ಯಾರ ಸುಳ್ಳು ಚೆಂದ ಎಂಬ ಪಂದ್ಯವಾಗುತ್ತದೆ. ಅಂಥ ಪಂದ್ಯದಲ್ಲಿ ಸಾಹುಕಾರರನ್ನು ಸೋಲಿಸುವಷ್ಟು ಶಕ್ತಿ ನನಗಿರಲಿಲ್ಲ. ಮುಯ್ಯಿಯ ಸಂಗತಿಯನ್ನು ಇದ್ದ ಹಾಗೇ ಹೇಳುವುದೆಂದು ಗಟ್ಟಿ ಮಾಡಿದೆ.

ಕಟಕಟೆಯಲ್ಲಿ ಹಾಗೇ ಹೇಳಿದೆ. ಮಾಲೀಕನ ವಕೀಲನಿಗೆ ಹಬ್ಬವಾಯಿತು. ಮಿಲ್ಲು ನಿಮಗೆ ಎಂದಾದರೂ ಪಗಾರ ಕೊಟ್ಟಿದೆಯೇ? ಇಲ್ಲ. ಹಾಜರಿಯಲ್ಲಿ ನಿಮ್ಮ ಹೆಸರಿದೆಯೇ? ಇಲ್ಲ. ದವಾಖಾನೆಯಲ್ಲಿ ಮೇವಿನ ಮಷಿನ್ ಎಂದು ಹೇಳಿದಾಗ ಬೇಡವೆಂದಿರಾ? ಇಲ್ಲ. ಮೂರು ಸಲ ಇಲ್ಲ ಎನ್ನಿಸಿ ಕೂತ.

ನಮ್ಮ ಕಡೆಯಿಂದ ಡಾಕ್ಟರು ಬಂದು, ಗಾಯ ತೊಳೆಯುವಾಗ ಹತ್ತಿಯ ಎಳೆಗಳಿದ್ದವು ಎಂದರು. ನನಗೆ ಜೀವ ಬಂದಂತಾಯಿತು. ಎದುರಿನ ವಕೀಲ ಎದ್ದು, “ದವಾಖಾನ್ಯಾಗ ಹತ್ತಿ ಇರದ ಮತ್ತೇನು ಇರತೈತ್ರಿ ಡಾಕ್ಟರ?” ಎಂದ. ಕೋರ್ಟೆಲ್ಲ ನಕ್ಕಿತು. ಡಾಕ್ಟರೂ ನಕ್ಕರು. ನಗದವಳು ನಾನೊಬ್ಬಳೇ.

ಮುಂದಿನ ತಾರೀಖಿಗೆ ಮಾಲೀಕನ ಕಡೆಯ ಸಾಕ್ಷಿಯಾಗಿ ನನ್ನ ಗೆಳತಿ ಬಂದಳು. ಮಗಳ ಮದುವೆಯ ಇಳಕಲ್ ಸೀರೆ ಉಟ್ಟಿದ್ದಳು. ನಮ್ಮಿಬ್ಬರ ನಡುವೆ ಒಂದು ಬೆಂಚು ಇತ್ತು, ಅವಳು ನನ್ನ ಕಡೆ ನೋಡಲಿಲ್ಲ. ಆ ದಿನ ಯಂತ್ರದ ಮೇಲೆ ತಾನೇ ಇದ್ದುದಾಗಿಯೂ, ನಾನು ತನಗೆ ರೊಟ್ಟಿ ಕೊಡಲು ಬಂದುದಾಗಿಯೂ ಬಾಯಿಪಾಠ ಒಪ್ಪಿಸಿದಳು. ಸ್ವರ ನಡುಗಲಿಲ್ಲ. ಅದು ನಡುಗಿದ್ದರೆ ನನಗೆ ಸ್ವಲ್ಪವಾದರೂ ಸಮಾಧಾನ ಇರುತ್ತಿತ್ತು.

ನಮ್ಮ ವಕೀಲರಿಗೆ ನಾನು ಅವಳು ಕಡಲೆ ಕೀಳಲು ಬಂದದ್ದನ್ನು ಹೇಳಿದ್ದೆ, ಸಾಕ್ಷಿಯೆಂದಲ್ಲ, ಅವಳ ಮೇಲಿನ ಸಿಟ್ಟಿಗೆ. ಈಗ ಅವರು ಪಾಟಿ ಸವಾಲಿಗೆ ಎದ್ದು, ಮಿಲ್ಲಿನ ಮಾತೇ ಎತ್ತದೆ, ಕಟ್ಟೆಯ ಮೇಲೆ ಕೂತು ಮಾತಾಡುವವರಂತೆ ಕೇಳಿದರು.

“ಹೋದ ವರ್ಷ ಈಕಿ ಹೊಲದಾಗ ಕಡ್ಲಿ ಕೀಳಾಕ ಹೋಗಿದ್ದೇನವಾ?”

“ಹೋಗಿದ್ನಿರಿ.”

“ಕೂಲಿ ಎಷ್ಟ ತಗೊಂಡಿ?”

ಅವಳಿಗೆ ಆ ಮಾತು ತಾಕಿತು. ತಲೆ ಎತ್ತಿದಳು. “ಆಕಿ ಕಡಿಂದ ನಾ ಎಂದೂ ಕೂಲಿ ತಗೊಂಡಾಕಿ ಅಲ್ರಿ. ಮುಯ್ಯ ಇತ್ತು, ತೀರಿಸಿ ಬಂದ್ನಿ.”

“ಯಾವತ್ತಿನ ಮುಯ್ಯ?”

ಅವಳು ಮಾಲೀಕನ ವಕೀಲನ ಕಡೆ ನೋಡಿದಳು. ನ್ಯಾಯಾಧೀಶೆ ಮೈಸೂರು ಕಡೆಯವರು. ಮುಯ್ಯಿ ಎಂದರೇನು ಎಂದು ಕೇಳಿ ತಿಳಿದುಕೊಂಡರು. ಅಂದರೆ ಈಕೆ ನಿಮ್ಮ ಬದಲಿಗೆ ಒಂದು ದಿನ ಎಲ್ಲಿಯೋ ದುಡಿದಿದ್ದರು, ಅದು ಎಲ್ಲಿ ಎಂದು ಅವರೇ ಕೇಳಿದರು. ಅವಳಿಗೆ ಹೊಲವಿಲ್ಲ. ಅದು ಊರಿಗೆಲ್ಲ ಗೊತ್ತು. ಅವಳ ಬದಲಿಗೆ ನಾನು ಹೋಗುತ್ತಿದ್ದ ಜಾಗ ಒಂದೇ. ಮಾಲೀಕನ ವಕೀಲ ಆಕ್ಷೇಪಣೆ ಎಂದು ಎದ್ದ, ನ್ಯಾಯಾಧೀಶೆ ಕೈಸನ್ನೆಯಿಂದ ಕೂರಿಸಿದರು.

ಮುಯ್ಯಿ ಇರಲೇ ಇಲ್ಲ, ಸುಮ್ಮನೆ ಹೋಗಿದ್ದೆ ಎಂದು ಅವಳು ಹೇಳಬಹುದಿತ್ತು. ಅಥವಾ ಕೂಲಿ ತಗೊಂಡೆ ಎನ್ನಬಹುದಿತ್ತು. ಆ ಒಂದು ಸುಳ್ಳು ಅವಳ ಬಾಯಿಗೆ ಬರಲಿಲ್ಲ. ನನ್ನ ಬೆರಳು ಹೋದ ದಿನವನ್ನೇ ಇಲ್ಲವಾಗಿಸಿದವಳಿಗೆ ಮುಯ್ಯಿಯನ್ನು ಇಲ್ಲವೆನ್ನಲು ಆಗಲಿಲ್ಲ. ಮೊದಲ ಸಲ ನನ್ನ ಕೈಯ ಕಡೆಗೆ ನೋಡಿದಳು. “ಜಿನ್ನಿಂದ್ರಿ” ಎಂದಳು. “ನಮ್ಮ ಹುಡಿಗಿನ್ನ ನೋಡಾಕ ಬಂದಿದ್ರು. ಆಕಿ ನನ್ನ ಬದ್ಲಿ ಹೋಗಿದ್ಲು. ಮುಕಾದಮಗ ಗೊತ್ತೈತಿ.”

ನ್ಯಾಯಾಧೀಶೆ ಆ ಮಾತನ್ನು ಹಾಗೆಯೇ ಟೈಪು ಮಾಡಿಸಿದರು.

ಆದೇಶ ನನ್ನ ಕಡೆಗಾಯಿತು. ಮುಕಾದಮನಿಗೆ ಗೊತ್ತಿದ್ದೇ ಯಂತ್ರದ ಮೇಲೆ ನಿಲ್ಲಿಸಿದ್ದರಿಂದ, ದುಡಿಮೆ ಮಿಲ್ಲಿಗೆ ಸಂದದ್ದರಿಂದ, ಪಗಾರ ಯಾರ ಕೈಯ ಮೂಲಕ ಹೋದರೂ ಈಕೆ ಮಿಲ್ಲಿನ ಕೆಲಸಗಾರ್ತಿಯೇ ಎಂದು ಬರೆದಿದ್ದರು. ಹಣವನ್ನು ಕೋರ್ಟಿನಲ್ಲಿ ಕಟ್ಟಿದರು, ಒಂದು ಭಾಗವನ್ನು ನನ್ನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಇಟ್ಟರು. ವಕೀಲರು ಪೇಢೆ ಕೊಟ್ಟರು. ದುಡಿಯುವ ಶಕ್ತಿಯ ಲೆಕ್ಕವನ್ನೂ ಅಚ್ಚುಕಟ್ಟಾಗಿ ಹಾಕಿದ್ದರು. ಆದರೆ ನನ್ನನ್ನು ಇನ್ನು ಯಾರೂ ಮುಯ್ಯಿಗೆ ಕರೆಯುವುದಿಲ್ಲ ಎಂಬುದು ಯಾವ ಲೆಕ್ಕದಲ್ಲೂ ಇರಲಿಲ್ಲ. ಏಳು ಬೆರಳಿನವಳ ಒಂದು ದಿನಕ್ಕೆ ಹತ್ತು ಬೆರಳಿನವಳು ಒಂದು ದಿನ ಹೇಗೆ ಕೊಟ್ಟಾಳು? ಅವರದೇನೂ ತಪ್ಪಿಲ್ಲ.

ಗೆಳತಿಯ ಗಂಡನ ಕಾವಲುಗಾರಿಕೆ ಹೋಯಿತು. ಅವಳನ್ನೂ ಜಿನ್ನಿನಿಂದ ತೆಗೆದರು. ಕೊನೆಗೆ ನಿಜ ಹೇಳಿದಳಲ್ಲ ಎಂದು ಊರಲ್ಲಿ ಕೆಲವರು ನನಗೆ ಹೇಳಿದರು. ಹೇಳಿದಳು, ಹೌದು. ನನಗೋಸ್ಕರ ಹೇಳಲಿಲ್ಲ.

ಈ ವರ್ಷ ಕಡಲೆ ಕೀಳುವ ಮುಂಜಾನೆ ಹೊಲಕ್ಕೆ ಹೋದರೆ ಅವಳು ಸಾಲಿನಲ್ಲಿದ್ದಳು. ಕರೆದಿರಲಿಲ್ಲ. ಹೋಗು ಎನ್ನಲೂ ಇಲ್ಲ. ಉಳಿದ ಕೂಲಿಯವರ ಜೊತೆ ದಿನವಿಡೀ ಬಗ್ಗಿ ಕಿತ್ತಳು. ಸಂಜೆ ಎಲ್ಲರಿಗೂ ಕೂಲಿ ಹಂಚುತ್ತ ಬಂದೆ. ಅವಳು ಸೆರಗು ಕೊಡವಿಕೊಂಡು ಹೊರಡುತ್ತಿದ್ದಳು. ನಿಲ್ಲಿಸಿದೆ. ಎಡಗೈಯಲ್ಲಿ ಕೊಡಬಾರದೆಂದು, ನೋಟನ್ನು ಬಲಗೈಯ ಹೆಬ್ಬೆರಳು ಕಿರುಬೆರಳ ನಡುವೆ ಹಿಡಿದು ಚಾಚಿದೆ.

“ನನಗ ಕೂಲಿ ಕೊಡ್ತೀ ಏನ ತಂಗಿ?” ಎಂದಳು.

“ತಿರಗಿ ಮುಯ್ಯ ಮಾಡಾಕ ನನಗ ಕೈ ಇಲ್ಲಕ್ಕಾ” ಎಂದೆ.

ಗಾಳಿಗೆ ನೋಟು ಅಲುಗಾಡುತ್ತಿತ್ತು, ಆ ಎರಡು ಬೆರಳಲ್ಲಿ ಹಿಡಿತ ಗಟ್ಟಿಯಿರುವುದಿಲ್ಲ. ಬಿದ್ದುಹೋಗುವ ಮೊದಲು ಅವಳು ತೆಗೆದುಕೊಂಡಳು, ಸೆರಗಿನ ಚುಂಗಿಗೆ ಕಟ್ಟಿಕೊಂಡಳು, ಉಳಿದ ಕೂಲಿಯವರ ಹಿಂದೆ ನಡೆದಳು. ಈಗ ಬೆಳವಣಕಿಯಲ್ಲಿ ಯಾರ ಮುಯ್ಯಿಯೂ ನನ್ನ ಮೇಲಿಲ್ಲ, ನನ್ನ ಮುಯ್ಯಿಯೂ ಯಾರ ಮೇಲಿಲ್ಲ.